ಎಡಗೈ ಗಂಟು

ಮಗಳು ಮೇಣದ ದಾರದ ಗಂಟಿಗೆ ಹಲ್ಲು ಹಾಕಿ ಎಳೆದಳು. ಒಸಡು ನೊಂದಿತೇ ಹೊರತು ಗಂಟು ಜಪ್ಪಯ್ಯ ಎಂದರೂ ಬಿಚ್ಚಲಿಲ್ಲ.

"ನಾನು ಹೋದಾಗ ಈ ಗಂಟಿನೊಳಗಿನ ಬಿಳಿ ಬಟ್ಟೇನೇ ಹೊದಿಸು. ದಾರ ಮಾತ್ರ ಕತ್ತರಿಸಬೇಡ" ಎಂದಿದ್ದಳು ಅಮ್ಮ. ಜೀವಮಾನದಲ್ಲಿ ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ. ಈಗ ನಡುಮನೆಯ ಮಂಚದ ಮೇಲೆ ಕಣ್ಣು ಮುಚ್ಚಿ ಮಲಗಿದ್ದಳು.

"ಕತ್ತರಿ ತರ್ಲಾ? ಗಾಡಿಯವನು ಆಗ್ಲೇ ಎರಡು ಸಲ ಹಾರ್ನ್ ಹೊಡ್ದ" ಎಂದ ಮಗಳ ಗಂಡ.

"ತಂದ್ರೆ ನೋಡಿ ಮತ್ತೆ!"

"ಬ್ರಹ್ಮಗಂಟು ಅಂದ್ರೆ ಇದೇ ಕಣೇ. ಅಕ್ಕ ಉಪ್ಪಿನ ಪೊಟ್ಟಣಾನೂ ಹೀಗೇ ಕಟ್ತಿದ್ಲು" ಎಂದು ಚಿಕ್ಕಮ್ಮ, ನಗು ಬಂದಿದ್ದಕ್ಕೆ ತಾನೇ ನೊಂದು ಕಣ್ಣೊರೆಸಿಕೊಂಡಳು.

ಬಾಗಿಲಲ್ಲಿ ಕೋಲೂರಿಕೊಂಡು ನಿಂತಿದ್ದ ಮುದುಕರೊಬ್ಬರು ಇಣುಕಿ ನೋಡಿದರು. ಅಮ್ಮನ ಕಾರ್ಖಾನೆಯಲ್ಲಿ ತಪಾಸಣೆ ಮಾಡುತ್ತಿದ್ದವರು.

"ಎಡಚಿ ಗಂಟು!" ಎಂದರು.

*

ಆ ಕತೆ ಮನೆಯವರಿಗೆಲ್ಲ ಬಾಯಿಪಾಠ. ಗ್ರಹಗಳನ್ನು ನೋಡಲು ಕಳಿಸುವ ಬಾಹ್ಯಾಕಾಶ ನೌಕೆ ಕಟ್ಟುತ್ತಿದ್ದ ಮೊದಮೊದಲ ಕಾಲ. ಅದರ ತಂತಿಗಳನ್ನು ಕಂತೆ ಮಾಡಿ ಮೇಣದ ದಾರದಿಂದ ಬಿಗಿಯುವುದು ಅಮ್ಮನ ಕೆಲಸ. ಅವಳದು ಎಡಗೈ, ಹಾಕಿದ ಗಂಟೆಲ್ಲ ಉಲ್ಟಾ. ತಪಾಸಣೆಯವರು ಕತ್ತರಿ ಹಿಡಿದೇ ಬಂದರು.

"ಇದು ತಿರುಗುಮುರುಗು ಇದೆಯಲ್ಲಮ್ಮ. ಕತ್ತರಿಸಿ ಬೇರೆ ಹಾಕು."

"ಎಳೆದು ನೋಡಿ ಸಾರ್. ಸಡಿಲ ಆದ್ರೆ ಕತ್ತರಿಸಿ."

ಅವರು ಬೆರಳು ತೂರಿಸಿ ಎಳೆದರು. ಬೆರಳ ಮೇಲೆ ಕೆಂಪು ಗೆರೆ ಮೂಡಿತು, ಗಂಟು ಅಲುಗಲಿಲ್ಲ. ಕತ್ತರಿಯನ್ನು ಜೇಬಿಗೆ ಹಾಕಿಕೊಂಡು, "ಸರಿ ಇದೆ. ಹೊರಡಬಹುದು" ಎಂದರು.

*

"ಆ ನೌಕೆ ಈಗೆಲ್ಲಿದೆ ತಾತ?" ಎಂದಳು ಮಗಳು.

"ಸೂರ್ಯನೂ ಒಂದು ಚುಕ್ಕಿ ಥರ ಕಾಣೋ ಕಡೆ. ಅದರ ಮಾತು ನಿಂತು ಎಷ್ಟೋ ಕಾಲ ಆಯ್ತು, ಓಟ ನಿಂತಿಲ್ಲ. ಅಲ್ಲಿ ಗಾಳಿ ಇಲ್ಲ, ತುಕ್ಕಿಲ್ಲ, ಗೆದ್ದಲಿಲ್ಲ. ನೀನು ಹೋಗ್ತೀಯ, ನಾನು ಹೋಗ್ತೀನಿ, ಈ ಊರೇ ಹೋಗುತ್ತೆ. ನಿಮ್ಮಮ್ಮ ಕಟ್ಟಿದ್ದು ಕಟ್ಟಿದ ಹಾಗೇ ಹೋಗ್ತಾ ಇರುತ್ತೆ."

ಮಗಳ ಮೈ ಜುಮ್ಮೆಂದಿತು. ಸಾವಿರ ಸಲ ಕೇಳಿದ ಕತೆ, ಇವತ್ತು ಮಾತ್ರ ತಲೆಯೊಳಗೆ ಹಿಡಿಸಲಾರದಷ್ಟು ದೊಡ್ಡದಾಗಿತ್ತು. ಅಮ್ಮನ ಎಡಗೈಯನ್ನು ನೋಡಿದಳು. ಬೆಳಿಗ್ಗೆ ತನ್ನ ಜಡೆಗೆ ಟೇಪು ಕಟ್ಟಿ, ಸಂಜೆ ಒಂದೇ ಏಟಿಗೆ ಬಿಚ್ಚುತ್ತಿದ್ದ ಕೈ.

"ಬಿಚ್ಚೋದು ಹೇಗೆ ಅಂತಾದ್ರೂ ಹೇಳಿ."

"ನನಗೇನು ಗೊತ್ತಮ್ಮ? ಬಿಚ್ಚೋದಕ್ಕೆ ಅಂತ ಅಲ್ಲಿ ಯಾರು ಕಟ್ತಿದ್ರು!"

ಸಂಜೆ ಜಡೆ ಬಿಚ್ಚುವಾಗ ಅಮ್ಮ ಯಾವತ್ತೂ ಹಿಂದೆ ಕೂರುತ್ತಿದ್ದಳು, ಎದುರಿಗಲ್ಲ. ಈ ಗಂಟಿಗೂ ಹಿಂದಿನಿಂದಲೇ ಕೈ ಹಾಕಬೇಕೆಂದು ಮಗಳಿಗೆ ಹೊಳೆದದ್ದೇ ತಡ, ಗಂಟನ್ನು ತನ್ನ ಕಡೆಯಿಂದ ಆಚೆಗೆ ತಿರುಗಿಸಿಕೊಂಡು ಅಮ್ಮನ ಪಕ್ಕ ಮಂಚದ ಮೇಲೇ ಕೂತಳು. ಎಡಗೈಯಲ್ಲಿ ದಾರದ ಕುಣಿಕೆ ಹಿಡಿದಳು. ಎಳೆಯಲಿಲ್ಲ, ಒಳಕ್ಕೆ ತಳ್ಳಿದಳು. ದಾರ ಮೆತ್ತಗೆ ಸಡಿಲವಾಯಿತು.

"ಅಯ್ಯೋ ನಮ್ಮವ್ವ!" ಎಂದು ಚಿಕ್ಕಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಮಗಳಿಗೆ ಆಗ ಅಳು ಬಂತು. ಬೆಳಗಿನಿಂದ ಬಂದಿರಲಿಲ್ಲ.

ಬಿಳಿ ಬಟ್ಟೆ ಹೊದಿಸಿದರು. ಪಾದಗಳ ಹತ್ತಿರ ಅಂಚನ್ನು ಕೂಡಿಸಿ, ಅದೇ ಮೇಣದ ದಾರದಿಂದ ಮಗಳು ಎಡಗೈಯಲ್ಲೇ ಗಂಟು ಹಾಕಿದಳು. ನಾಲ್ಕು ಜನ ಎತ್ತಲು ಬಗ್ಗಿದರು.

"ಒಂದು ನಿಮಿಷ" ಎಂದರು ಮುದುಕರು. ಕೋಲನ್ನು ಗೋಡೆಗೆ ಒರಗಿಸಿ ಬಗ್ಗಿದರು, ದಾರದೊಳಗೆ ಬೆರಳು ತೂರಿಸಿ ಇದ್ದಷ್ಟೂ ಬಲ ಹಾಕಿ ಎಳೆದರು. ಗಂಟು ಅಲುಗಲಿಲ್ಲ.

"ಸರಿ ಇದೆ. ಹೊರಡಬಹುದು" ಎಂದರು. ಅವರ ಬೆರಳ ಮೇಲೆ ಕೆಂಪು ಗೆರೆ ಮೂಡಿತ್ತು.