ಸೊನ್ನೆ ತುಂಬಿದ ಪುಟ

"ನೀನು ಒಂದೇ ಒಂದು ಮಾತು ಬೇಡ ಅಂದ್ರೆ ಹೋಗಲ್ಲ," ಎಂದು ಹೆಂಡತಿ ಹೇಳಿದಾಗ ಅವನು ಒಂದು ಕಾಲಿಗೆ ಶೂ ಹಾಕಿಕೊಂಡು ಇನ್ನೊಂದನ್ನು ಹುಡುಕುತ್ತಿದ್ದ.

"ನಿನಗೆ ಹೇಗನ್ಸುತ್ತೋ ಹಾಗೆ ಮಾಡು."

"ನನಗೆ ಹೇಗನ್ಸುತ್ತೆ ಅಂತ ನನಗೆ ಗೊತ್ತು. ನಿನಗೆ?"

"ನನಗೇನು ತೊಂದ್ರೆ ಇಲ್ಲ."

ಅವಳು ಮಂಚದ ಕೆಳಗಿಂದ ಶೂ ಎಳೆದು ಅವನ ಮುಂದಿಟ್ಟಳು. ದೂರದ ಊರಿನ ಆಸ್ಪತ್ರೆಯವರು ಎರಡು ವರ್ಷಕ್ಕೆ ಅವಳನ್ನು ಕರೆದಿದ್ದರು. ಬರುತ್ತೇನೋ ಇಲ್ಲವೋ ಎಂದು ಇವತ್ತು ಸಂಜೆಯೊಳಗೆ ಹೇಳಬೇಕಿತ್ತು. ಅವಳದು ಫಿಸಿಯೋಥೆರಪಿ. ಆಪರೇಷನ್ ಆದವರ ಮೊಣಕಾಲು ಹಿಡಿದು ಮೆಲ್ಲಗೆ ಮಡಿಸುತ್ತ, ನೋವಾಯ್ತಾ ಎಂದು ಕೇಳುತ್ತಾಳೆ. ಹೌದೆಂದರೆ ಅಲ್ಲಿಗೇ ನಿಲ್ಲಿಸುತ್ತಾಳೆ. ಇಲ್ಲವೆಂದರೆ ಇನ್ನಷ್ಟು ಮಡಿಸುತ್ತಾಳೆ.

ಅವನ ಕೆಲಸ ಆಪರೇಟಿಂಗ್ ಸಿಸ್ಟಂನ ಕರ್ನಲ್‌ನಲ್ಲಿ, ಎಂದರೆ ಯಂತ್ರದ ಒಳಮನೆಯಲ್ಲಿ. ಹೊರಗಿನ ಪ್ರೋಗ್ರಾಂಗಳು ಬಂದು, ಮೆಮೊರಿಯ ಇಂಥ ವಿಳಾಸದಲ್ಲಿ ನನ್ನ ಮಾಹಿತಿ ಇದೆ, ತಗೋ ಎನ್ನುತ್ತವೆ. ಬಾಯಿಮಾತನ್ನು ನಂಬುವ ಹಾಗಿಲ್ಲ. ವಿಳಾಸ ಅವುಗಳ ಎಲ್ಲೆಯೊಳಗಿದೆಯೇ ಎಂದು ಮೊದಲು ನೋಡಬೇಕು. ಎಲ್ಲೆಯೊಳಗಿದ್ದರೂ ಅಲ್ಲಿ ಏನೂ ಇಲ್ಲದಿರಬಹುದು. ಅದು ಮುಟ್ಟಿದಾಗಲೇ ಗೊತ್ತಾಗುವುದು. ಮುಟ್ಟಿ ಎಡವಿದರೆ ಇಡೀ ಯಂತ್ರ ಮಗುಚಿಕೊಳ್ಳದಂತೆ ಹಿಡಿಯುವ ಎಕ್ಸೆಪ್ಷನ್ ಹ್ಯಾಂಡ್ಲರ್ ಅವನು ಬರೆದದ್ದು. ಈವರೆಗೆ ಒಂದು ದೂರೂ ಬಂದಿರಲಿಲ್ಲ. ಆ ಬಗ್ಗೆ ಅವನಿಗೆ ಒಳಗೊಳಗೇ ಹೆಮ್ಮೆ.

"ಬಾರಪ್ಪಾ, ಕೂತ್ಕೋ," ಎಂದರು ಆಫೀಸಿನಲ್ಲಿ ಅಜ್ಜಿ. ತಂಡದ ಮುಖ್ಯಸ್ಥೆ ಅವರು. ಕೂದಲು ಇನ್ನೂ ನರೆತಿಲ್ಲ, ಕನ್ನಡಕಕ್ಕೆ ದಾರ ಕಟ್ಟಿಕೊಂಡ ತಪ್ಪಿಗೆ ಎಲ್ಲರಿಗೂ ಅಜ್ಜಿಯಾಗಿದ್ದಾರೆ. ಅವರ ಪರದೆಯ ತುಂಬ ಸೊನ್ನೆಗಳು.

"ಈ ಪ್ರೋಗ್ರಾಂ ಕೊಟ್ಟ ವಿಳಾಸದಲ್ಲಿ ಏನೂ ಇರ್ಲಿಲ್ಲ. ನಿನ್ನ ಹ್ಯಾಂಡ್ಲರ್ ಏನ್ ಮಾಡ್ತು?"

"ಯಂತ್ರ ಬೀಳದ ಹಾಗೆ ನೋಡ್ಕೊಂಡ್ತು."

"ಆಮೇಲೆ?"

"ಮೆಮೊರಿಯ ಖಾಲಿ ಪುಟಕ್ಕೆ ಸೊನ್ನೆ ತುಂಬ್ತು."

"ಸರಿ, ಹಳೇ ಕಸ ಉಳೀಬಾರ್ದು. ಆಮೇಲೆ?"

ಅವನು ಕೀಬೋರ್ಡ್ ನೋಡಿದ.

"ಆಮೇಲೆ, ಎಲ್ಲಾ ಸರಿಯಾಗಿದೆ ಅಂತ ಉತ್ತರ ಕೊಡ್ತು," ಎಂದು ಅಜ್ಜಿಯೇ ಮುಗಿಸಿದರು. "ಎಡವಿದ್ದು ತಪ್ಪಲ್ಲಪ್ಪಾ. ಎಡವಿದೆ ಅಂತ ಹೇಳ್ಬೇಕು. ಇಲ್ದಿದ್ರೆ ಪ್ರೋಗ್ರಾಂ ಬರೆದವ್ರು ಸೊನ್ನೇನೇ ನಿಜ ಅಂದ್ಕೋತಾರೆ."

"ಯಾರೂ ದೂರು ಕೊಟ್ಟಿಲ್ವಲ್ಲ."

"ಹೇಗೆ ಕೊಡ್ತಾರೆ?" ಅಜ್ಜಿ ತಮ್ಮ ಸೇಬಿನ ಅರ್ಧವನ್ನು ಅವನ ಕಡೆ ತಳ್ಳಿದರು. "ತಿನ್ನು. ಮುಖ ಬಾಡಿದೆ."

ತಿದ್ದಬೇಕಾಗಿದ್ದದ್ದು ಒಂದೇ ಸಾಲು. ತಿದ್ದಿ ಪರೀಕ್ಷೆ ಓಡಿಸಿದ ಕೂಡಲೇ ಪರದೆಯ ಮೇಲಿಂದ ಕೆಳಗಿನವರೆಗೂ ತಪ್ಪುಗಳ ವರದಿ ಬಂದು ಬಿತ್ತು. ಇಷ್ಟು ದಿನ ಇವೆಲ್ಲ ಎಲ್ಲಿದ್ದವು ಎಂದು ಕೇಳಲು ಅವನಿಗೆ ಧೈರ್ಯ ಬರಲಿಲ್ಲ.

ಸಂಜೆ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, ಹೆಂಡತಿಗೆ ಹೇಳಬೇಕಾದ್ದನ್ನು ಅಭ್ಯಾಸ ಮಾಡಿದ. ಹೋಗಬೇಡ ಎನ್ನಬಹುದು. ನಾನೂ ಬರುತ್ತೇನೆ ಎನ್ನಬಹುದು. ಅವಳೆಂದರೆ ಅವನಿಗೆ ಪ್ರಾಣ. ಅವಳು ಪಕ್ಕದ ಕೋಣೆಯಲ್ಲಿ ಕೆಮ್ಮಿದರೂ ಅವನಿಗೆ ಓದುತ್ತಿದ್ದ ಸಾಲು ತಪ್ಪಿಹೋಗುತ್ತದೆ. ಇದನ್ನು ಹೇಳುವುದು ಅಷ್ಟೇನೂ ಕಷ್ಟವಲ್ಲ ಎಂದು ಬಸ್ಸಿಳಿಯುವವರೆಗೂ ಅನ್ನಿಸುತ್ತಿತ್ತು.

ಮನೆಯಲ್ಲಿ ಅವಳು ನೆಲದ ಮೇಲೆ ಕೂತು ಪುಸ್ತಕದ ಪೆಟ್ಟಿಗೆಗೆ ಹಗ್ಗ ಸುತ್ತುತ್ತಿದ್ದಳು. ಫೋನು ಪಕ್ಕದಲ್ಲಿತ್ತು.

"ಅವರಿಗೆ ಹೇಳಿದ್ಯಾ?"

"ಇನ್ನೂ ಇಲ್ಲ. ಇದೊಂದು ಕಟ್ಟಿ ಹೇಳ್ತೀನಿ. ಇಲ್ಲಿ ಬೆರಳಿಡು."

ಅವನು ಮಂಡಿಯೂರಿ, ಹಗ್ಗ ಜಾರದಂತೆ ಗಂಟಿನ ಮೇಲೆ ತೋರುಬೆರಳಿಟ್ಟ.

"ನೀನು ಇಷ್ಟು ಓದಿದ್ದಕ್ಕೆ ಇದೊಂದು ಉಪಯೋಗಕ್ಕೆ ಬಂತು ನೋಡು," ಎಂದು ನಕ್ಕಳು. ಅವನಿಗೂ ನಗು ಬಂತು. ಅವಳ ಹಣೆ ಅವನ ಹಣೆಗೆ ತಾಗುವಷ್ಟು ಹತ್ತಿರವಿತ್ತು.

ಅವಳು ಎಳೆದಳು. ಬೆರಳು ಗಂಟಿನೊಳಗೆ ಸಿಕ್ಕಿತು. ಅವಳ ಕೈಗೆ ಗೊತ್ತಾಯಿತು, ಎಳೆಯುವುದನ್ನು ನಿಲ್ಲಿಸಿದಳು. ತಲೆಯೆತ್ತಿ ನೋಡಿದಳು.

"ನೋವಾಯ್ತಾ?"

ಅವಳ ಎರಡು ಕೈಗಳೂ ಹಗ್ಗದ ಎರಡು ತುದಿ ಹಿಡಿದು ಕಾಯುತ್ತಿದ್ದವು. ಕೇಳುತ್ತಿರುವುದು ಏನೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಇಲ್ಲ," ಎಂದ.

ಅವಳು ಒಂದು ಕೈಯ ಹಗ್ಗ ಬಿಟ್ಟಳು. ಅವನ ಕೂದಲಿಗೆ ಅಂಟಿದ್ದ ಬಸ್ಸಿನ ಧೂಳನ್ನು ಮೆಲ್ಲಗೆ ಒರೆಸಿದಳು. ಆಮೇಲೆ ಹಗ್ಗವನ್ನು ಇನ್ನಷ್ಟು ಬಿಗಿದು ಎರಡನೆಯ ಗಂಟು ಹಾಕಿ, ಫೋನು ಎತ್ತಿಕೊಂಡಳು. ಬೆರಳು ಒಳಗೇ ಇತ್ತು, ಬೆಳ್ಳಗಾಗುತ್ತ.