ಟವೆಲ್ ಹಾಸಿದ ಕುರ್ಚಿ

ಬೆಳಗಿನ ಆರಕ್ಕೆ ಗಂಡ ಗಾರ್ತ್ ಎದ್ದು ಹೋಗುವುದು ಕೊರಿನ್‌ಗೆ ಅರೆನಿದ್ದೆಯಲ್ಲೇ ತಿಳಿಯುತ್ತಿತ್ತು. ಎರಡು ನೀಲಿ ಟವೆಲ್ ಕಂಕುಳಲ್ಲಿ ಇರುಕಿಸಿಕೊಂಡು, ಚಪ್ಪಲಿ ಕೈಯಲ್ಲಿ ಹಿಡಿದು, ಕಳ್ಳನ ಹಾಗೆ ಬಾಗಿಲೆಳೆದುಕೊಂಡು ಹೋಗುತ್ತಿದ್ದ. ಜಮೈಕಾದ ಆ ರೆಸಾರ್ಟಿನಲ್ಲಿ ಊಟ, ಕುಡಿತ, ಹಾಡು ಎಲ್ಲವೂ ಬೇಕಾದಷ್ಟು. ಪೈಪೋಟಿ ಇದ್ದದ್ದು ಕಡಲಂಚಿನ ಗರಿಚಪ್ಪರದ ನೆರಳಿನ ಕುರ್ಚಿಗಳಿಗೆ ಮಾತ್ರ. ಮೊದಲು ಟವೆಲ್ ಹಾಸಿದವರದು ಕುರ್ಚಿ. ಒಂದು ಗಂಟೆ ಯಾರೂ ಕೂರದಿದ್ದರೆ ಟವೆಲ್ ತೆಗೆಯಲಾಗುವುದು ಅಂತ ಬೋರ್ಡೇನೋ ಇತ್ತು. ಅದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ.

ಗಾರ್ತ್ ಎರಡು ಕುರ್ಚಿ ಹಿಡಿಯುತ್ತಿದ್ದ. ಒಂದರಲ್ಲಿ ಕೊರಿನ್ ಕೂರುತ್ತಿದ್ದಳು. ಇನ್ನೊಂದರಲ್ಲಿ ಟವೆಲ್ ಕೂರುತ್ತಿತ್ತು.

ಕೆನಡಾದ ಥಂಡರ್ ಬೇಯಲ್ಲಿ ಅವನಿಗೆ ಕಾಗದದ ಮಿಲ್ಲಿನ ರಾತ್ರಿಪಾಳಿ, ಅವಳಿಗೆ ಆಸ್ಪತ್ರೆಯ ಅಡುಗೆಮನೆಯ ಬೆಳಗಿನ ಪಾಳಿ. ಒಬ್ಬರು ಎದ್ದುಹೋದ ಹಾಸಿಗೆಯ ಬಿಸುಪಿನಲ್ಲಿ ಇನ್ನೊಬ್ಬರು ಮಲಗುವ ಸಂಸಾರ. ಮಾತೆಲ್ಲ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲೇ. ಹಾಲು ಮುಗಿದಿದೆ. ಅಂಗಳದ ಹಿಮ ತೆಗೆದಿದ್ದೇನೆ. ನವೆಂಬರಿನ ಒಂದು ದಿನ ಅವಳು, ಹೀಗೇ ಇರುವುದಾದರೆ ನಾವು ಜೊತೆಗಿದ್ದರೂ ಒಂದೇ, ಬೇರೆಬೇರೆ ಇದ್ದರೂ ಒಂದೇ ಅಲ್ಲವೇ ಎಂದು ಬರೆದಳು. ಮೂರು ದಿನ ಆ ಚೀಟಿ ಹಾಗೇ ಇತ್ತು. ನಾಲ್ಕನೆಯ ದಿನ ಅದರ ಕೆಳಗೆ ಅವನ ಕೋಳಿಕಾಲಿನ ಅಕ್ಷರ: ಸಮುದ್ರದ ಹತ್ತಿರ ಹೋಗೋಣ, ಅಲ್ಲಿ ಕೂತು ಮಾತಾಡೋಣ.

ಅವಳು ಬಂದದ್ದು ಆ ಮಾತಿಗೆ. ಏಳು ದಿನದೊಳಗೆ ಇಬ್ಬರೂ ಕೂತು, ಜೊತೆಗಿರುವುದೋ ಬಿಡುವುದೋ ಇತ್ಯರ್ಥ ಮಾಡಿಕೊಳ್ಳಬೇಕಿತ್ತು.

ಮೊದಲ ದಿನವೇ ಗಾರ್ತ್‌ಗೆ ಕೆನಡಾದವರೇ ಆದ, ಮಾಂಕ್ಟನ್ ಊರಿನ ಅಣ್ಣತಮ್ಮಂದಿರಿಬ್ಬರು ಗಂಟುಬಿದ್ದರು. ಬಾದಾಮಿ ಮರದಡಿ ಅವರ ಜೊತೆ ಚುಕ್ಕೆಬಿಲ್ಲೆಗಳ ಡಾಮಿನೋ ಆಟ. ಆ ಊರಿನವರ ಹಾಗೆ ಬಿಲ್ಲೆಯನ್ನು ಮೇಜಿಗೆ ರಪ್ಪನೆ ಬಡಿಯುವುದನ್ನೂ ಕಲಿತ. ಆ ಸದ್ದು ಅಲೆಯ ಸದ್ದನ್ನು ದಾಟಿ ಅವಳ ತನಕ ಬರುತ್ತಿತ್ತು. ನಡುನಡುವೆ ಓಡಿ ಬಂದು ಅವಳ ಕೈಗೊಂದು ತಂಪು ಗ್ಲಾಸು ಕೊಟ್ಟು, ನೆತ್ತಿಗೆ ಮುತ್ತಿಟ್ಟು, "ಈಗ ಬಂದೆ" ಎಂದು ಹೊರಟುಬಿಡುತ್ತಿದ್ದ. ರಾತ್ರಿ ಊಟಕ್ಕೂ ಆ ಅಣ್ಣತಮ್ಮಂದಿರು ಜೊತೆಗಿರುತ್ತಿದ್ದರು. ಮೂರನೆಯ ದಿನದ ಹೊತ್ತಿಗೆ ರೆಸಾರ್ಟಿಗೆಲ್ಲ ಗಾರ್ತ್ ಗೊತ್ತು. ಕೊರಿನ್ ಗಾರ್ತನ ಹೆಂಡತಿ ಎಂದಷ್ಟೇ ಗೊತ್ತು.

ಕುರ್ಚಿಗಳನ್ನು ನೋಡಿಕೊಳ್ಳುವ ಐಸಿಲ್ಡಾಳನ್ನು ಎಲ್ಲರೂ ಮಿಸ್ ಐಸಿ ಎನ್ನುತ್ತಿದ್ದರು. ದಿನಾ ಬಂದು, ಈ ಕುರ್ಚಿಗೆ ಜನ ಇದ್ದಾರಾ ಎಂದು ಕೇಳುತ್ತಿದ್ದಳು. ಇದ್ದಾರೆ, ಈಗ ಬರ್ತಾರೆ ಎಂದು ಕೊರಿನ್ ಹೇಳುತ್ತಿದ್ದಳು.

"ಈಗ ಬರ್ತಾರೆ ಅನ್ನೋದು ನಮ್ಮೂರ ಮಾತು ಕಣೇ ಚಿನ್ನಾ," ಎಂದು ಮಿಸ್ ಐಸಿ ಒಮ್ಮೆ ನಕ್ಕಳು. "ನಾವು ಹಾಗಂದ್ರೆ ಇವತ್ತೂ ಆಗ್ಬಹುದು, ಬರೋ ಕ್ರಿಸ್‌ಮಸ್ಸೂ ಆಗ್ಬಹುದು. ನಮ್ಮ ಪ್ಲಂಬರ್ ಈಗ ಬರ್ತೀನಿ ಅಂದು ಎರಡು ವರ್ಷ ಆಯ್ತು. ನಿಮ್ಮ ದೇಶದಲ್ಲೂ ಹಾಗೇನಾ?"

ಕೊರಿನ್ ನಕ್ಕಳು. ಆಮೇಲೆ ಪುಸ್ತಕದ ಒಂದೇ ಪುಟವನ್ನು ಮಧ್ಯಾಹ್ನದ ತನಕ ಓದಿದಳು.

ಆರನೆಯ ದಿನ ಮಿಸ್ ಐಸಿಯ ಹಿಂದೆ ಒಬ್ಬ ಅಜ್ಜಿ ನಿಂತಿದ್ದಳು. ಒಂದು ದಿನದ ಮಟ್ಟಿಗೆಂದು ಮೊಮ್ಮಕ್ಕಳು ಕರೆತಂದಿದ್ದ ಹಳ್ಳಿಯ ಅಜ್ಜಿ. ಚರ್ಚಿಗೆ ಹೋಗುವ ಟೊಪ್ಪಿ ಹಾಕಿಕೊಂಡು, ಮಂಡಿ ಹಿಡಿದುಕೊಂಡು, ನೆರಳನ್ನೇ ನೋಡುತ್ತಿದ್ದಳು.

"ಇಲ್ಲಿ ಯಾರಾದ್ರೂ ಇದ್ದಾರಾ ಚಿನ್ನಾ?" ಎಂದು ಮಿಸ್ ಐಸಿ ಕೇಳಿದಳು.

ಕೊರಿನ್ ಪಕ್ಕದ ಟವೆಲ್ ನೋಡಿದಳು. ಒಂದು ಸುಕ್ಕಿಲ್ಲ, ಒಂದು ಕಾಳು ಮರಳಿಲ್ಲ. ಬಾಯಿಗೆ ಬಂದ ಹಳೆಯ ಉತ್ತರ ಅಲ್ಲೇ ನಿಂತಿತು.

"ಇಲ್ಲ," ಎಂದಳು. "ಯಾರೂ ಇಲ್ಲ."

ಮಿಸ್ ಐಸಿ ಅವಳ ಮುಖವನ್ನು ಒಂದು ಗಳಿಗೆ ನೋಡಿ, ಟವೆಲ್ ಮಡಚಿಕೊಂಡು ಹೋದಳು. ಅಜ್ಜಿ ಕೂತವಳೇ ಕಾಲು ಚಾಚಿ ನಿದ್ದೆಹೋದಳು. ಆರು ದಿನದಲ್ಲಿ ಮೊದಲ ಸಲ ಕೊರಿನ್‌ಗೆ ಪಕ್ಕದ ಕುರ್ಚಿಯಲ್ಲಿ ಯಾರೋ ಉಸಿರಾಡುವುದು ಕೇಳಿಸಿತು.

ಮಧ್ಯಾಹ್ನ ಗಾರ್ತ್ ಎರಡು ಗ್ಲಾಸು ಹಿಡಿದು ಬಂದ. ಅಜ್ಜಿಯನ್ನು ನೋಡಿದ, ಹೆಂಡತಿಯನ್ನು ನೋಡಿದ.

"ನನ್ನ ಕುರ್ಚಿ?"

"ಕೊಟ್ಟುಬಿಟ್ಟೆ."

"ಬರ್ತಿದ್ದೆನಲ್ಲ ಕಣೇ."

"ಆರು ದಿನದಿಂದ ಬರ್ತಾನೇ ಇದ್ದೀಯ."

ಅವನು ಚಪ್ಪರದ ಹೊರಗೆ, ಬಿಸಿಲಿನಲ್ಲಿ, ಮರಳಿನ ಮೇಲೆ ಕೂತ. ಗ್ಲಾಸುಗಳೆರಡೂ ಕೈಯಲ್ಲೇ ಇದ್ದವು.

"ಕೂತ್ರೆ ನೀನು ಹೋಗ್ತೀನಿ ಅಂತೀಯ ಅಂತ ಗೊತ್ತಿತ್ತು," ಎಂದ. "ಅದಕ್ಕೇ ಕೂರ್ಲಿಲ್ಲ."

"ಮೊದಲ ದಿನ ಕೂತಿದ್ರೆ ಹಾಗೆ ಅಂತಿರ್ಲಿಲ್ಲ."

"ಏನಂತಿದ್ದೆ?"

ಬರುವಾಗ ವಿಮಾನದಲ್ಲಿ ಕಿಟಕಿಯ ಕಡೆ ತಿರುಗಿ, ತುಟಿ ಅಲುಗಿಸದೆ, ಆ ಮಾತುಗಳನ್ನು ಎಷ್ಟು ಸಲ ಹೇಳಿಕೊಂಡಿದ್ದಳು. ಪಾಳಿ ಬದಲಾಯಿಸಿಕೊಳ್ಳುವ ಬಗ್ಗೆ, ಭಾನುವಾರಗಳ ಬಗ್ಗೆ. ಈಗ ಹುಡುಕಿದರೆ ಒಂದೂ ಕೈಗೆ ಸಿಗಲಿಲ್ಲ. ಅದರ ಬದಲು, ತಿಂಗಳ ಕೊನೆಗೆ ಕೆನೋರಾದ ಅಕ್ಕನ ಮನೆಗೆ ಹೋಗಿ ಅಲ್ಲೇ ಇದ್ದುಬಿಡುವುದಾಗಿ ಹೇಳಿದಳು. ಅಜ್ಜಿಗೆ ಎಚ್ಚರವಾಗದ ಹಾಗೆ ಮೆಲ್ಲಗೆ ಹೇಳಿದಳು. ಅವನು ನಡುವೆ ಬಾಯಿ ಹಾಕಲಿಲ್ಲ. ವರ್ಷಗಳಿಂದ ಅವಳ ಮಾತನ್ನು ಅವನು ಇಷ್ಟು ಹೊತ್ತು ಕೇಳಿದ್ದೇ ಇಲ್ಲ.

ಮಾತು ಮುಗಿದ ಮೇಲೆ ಅವನ ಬೆನ್ನು ಕೆಂಪಗಾಗುತ್ತಿರುವುದು ಅವಳಿಗೆ ಕಂಡಿತು.

"ಸುಡತ್ತೆ, ನೆರಳಿಗೆ ಜರುಗು," ಎಂದಳು.

ಅವನು ಜರುಗಿದ, ಅವಳ ಕುರ್ಚಿಗೆ ತಾಗದಷ್ಟು.