ಹೆದರಿಕೆಯ ಪಾಲು

ಮಗಳು ಮಾನ್ಯಳ ಲಂಚ್ ಬಾಕ್ಸಿಗೆ ಚಿತ್ರಾನ್ನ ತುಂಬುತ್ತಿದ್ದ ಲಾಸ್ಯಾ ಚಮಚ ಕೈಬಿಟ್ಟು ಅಡುಗೆಕಟ್ಟೆ ಹಿಡಿದುಕೊಂಡಳು. ಹಾಲಿನ ಪುಡಿ ಕಾರ್ಖಾನೆಗೆ ಹೊರಟಿದ್ದ ಗಂಡ ವಾಸುದೇವ್ ತಿರುಗಿ ನೋಡಿದ. ಅವಳ ಮುಖ ಬಿಳಿಚಿಕೊಂಡಿತ್ತು. ಮುಟ್ಟಿದರೆ ಮೈ ಸುಡುತ್ತಿತ್ತು. ನೈಟಿ ರಕ್ತದಲ್ಲಿ ತೊಯ್ದಿತ್ತು.

ಮಾನ್ಯಳನ್ನೂ ಕೈಗೂಸನ್ನೂ ಪಕ್ಕದ ಮನೆಯ ಕಾತ್ಯಾಯಿನಿ ಆಂಟಿಗೆ ಒಪ್ಪಿಸಿ ವಾಸುದೇವ್ ಅವಳನ್ನು ತಾವು ವಲಸೆ ಬಂದಿದ್ದ ಹ್ಯಾಮಿಲ್ಟನ್ನಿನ ಆಸ್ಪತ್ರೆಗೆ ಕರೆದೊಯ್ದ.

"ಏನಾದರೂ ಮಾತ್ರೆ ತಗೊಂಡಿದ್ದೀರಾ?" ಎಂದು ಡಾಕ್ಟರಮ್ಮ ಇಂಗ್ಲಿಷಿನಲ್ಲಿ ಕೇಳಿದರು. "ತಪ್ಪು ಹುಡುಕೋದಕ್ಕಲ್ಲ, ಚಿಕಿತ್ಸೆಗೆ ಗೊತ್ತಿರಬೇಕು."

"ಇಲ್ಲ, ಏನೂ ಇಲ್ಲ," ಎಂದ ವಾಸುದೇವ್.

"ತಗೊಂಡೆ," ಎಂದಳು ಲಾಸ್ಯಾ, ಗೋಡೆ ನೋಡುತ್ತ. ಗರ್ಭ ಇಳಿಸುವ ಮಾತ್ರೆ. ಇಂಡಿಯಾದಿಂದ ಬಂದ ಗೆಳತಿಯ ಕೈಲಿ ತರಿಸಿದ್ದಳು.

ಗರ್ಭ ಪೂರ್ತಿ ಇಳಿಯದೆ ಒಳಗೆ ಸ್ವಲ್ಪ ಉಳಿದು ನಂಜಾಗಿತ್ತು. ಕೂಡಲೇ ಆಪರೇಷನ್ ಥಿಯೇಟರಿಗೆ ಒಯ್ದು ಅದನ್ನು ತೆಗೆಯಬೇಕು, ಇನ್ನೂ ತಡವಾಗಿದ್ದರೆ ಜೀವಕ್ಕೇ ಅಪಾಯವಿತ್ತು ಎಂದು ಹೇಳಿ, ಡ್ರಿಪ್ ಏರಿಸಿ ಡಾಕ್ಟರಮ್ಮ ಹೊರನಡೆದರು.

"ನನಗೊಂದು ಮಾತು ಹೇಳಬಾರದಿತ್ತಾ? ನಾನೇನು ಹೊರಗಿನವನಾ?"

"ಹೇಳಿದ್ರೆ 'ಇರ್ಲಿ ಬಿಡು' ಅಂತಿದ್ರಿ. ಪಾಪು ಹೊಟ್ಟೇಲಿದ್ದಾಗಲೂ ಹಾಗೇ ಅಂದ್ರಿ. ಇಲ್ಲೇ ತೆಗೆಸೋಣ ಅಂದ್ರೆ ಕಾನೂನಿನ ಪ್ರಕಾರ ಇಬ್ಬರು ಡಾಕ್ಟರು ಒಪ್ಪಬೇಕಂತೆ. ನಮ್ಮೋರ ಕಿವಿಗೆ ಬಿದ್ರೆ ಅಂತ ಬೇರೆ ಭಯ." ಲಾಸ್ಯಾ ಕಷ್ಟಪಟ್ಟು ಉಸಿರೆಳೆದುಕೊಂಡಳು. "ಪ್ರತಿ ತಿಂಗಳೂ ನಾನೊಬ್ಬಳೇ ಹೆದರ್ಕೊಂಡು ಕೂತಿರ್ತೀನಿ ರೀ. ನೀವು ಆರಾಮಾಗಿರ್ತೀರಿ."

"ನಂಗೂ ಮಕ್ಕಳು ಅಂದ್ರೆ ಆಸೆ ಕಣೇ, ಅದಕ್ಕೇ..."

"ಆಸೆ ನಿಮ್ಮದು. ಮೈ ನಂದು."

ಅಷ್ಟರಲ್ಲಿ ಅವಳನ್ನು ಒಳಗೆ ಕರೆದೊಯ್ದರು. ಬಾಗಿಲು ಸದ್ದಾದಾಗಲೆಲ್ಲ ವಾಸುದೇವ್ ಎದ್ದು ನಿಲ್ಲುತ್ತಿದ್ದ. ಯಾರೂ ಅವನ ಹೆಸರು ಕರೆಯಲಿಲ್ಲ. ಕಾಂಡೋಮ್ ಬೇಡವೆಂದವನು ತಾನು. ಗರ್ಭನಿರೋಧಕ ಗುಳಿಗೆ ನುಂಗಿದರೆ ತಲೆ ಸುತ್ತುತ್ತದೆ ಎಂದವಳಿಗೆ "ಅಭ್ಯಾಸ ಆಗುತ್ತೆ" ಎಂದವನೂ ತಾನೇ. ಈಗ ಅವಳು ಎದ್ದು ಬಂದರೆ ಸಾಕಿತ್ತು.

ಎದ್ದು ಬಂದಳು. ಮರುದಿನ ಜ್ವರ ಇಳಿದ ಮೇಲೆ ನರ್ಸ್ ಹಾಸಿಗೆಯ ಪಕ್ಕ ಕೂತು, ಇನ್ನು ಮುಂದೆ ಬೇಡದ ಬಸಿರು ತಡೆಯಲು ಕಾಪರ್-ಟಿ ಇದೆ, ತೋಳಿನ ಚರ್ಮದಡಿ ಇಡುವ ಸಣ್ಣ ಕಡ್ಡಿ ಇದೆ ಎಂದು ವಿವರಿಸತೊಡಗಿದಳು. ಲಾಸ್ಯಾ ಸುಮ್ಮನೆ ತಲೆಯಾಡಿಸುತ್ತಿದ್ದಳು. ಕಿಟಕಿಯ ಬಳಿ ನಿಂತಿದ್ದ ವಾಸುದೇವ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದ.

"ಗಂಡಸಿಗೆ ಏನಿದೆ? ಅದನ್ನೂ ಹೇಳಿ."

ಆಸ್ಪತ್ರೆಗೆ ಬಂದ ಮೇಲೆ ಲಾಸ್ಯಾ ಮೊದಲ ಬಾರಿಗೆ ಅವನ ಮುಖ ನೋಡಿದಳು.

ಎರಡು ಮಕ್ಕಳು ಸಾಕು ಎಂದು ಇಬ್ಬರೂ ಕೂತು ಮಾತಾಡಿದ್ದು ಅವಳು ಚೇತರಿಸಿಕೊಂಡ ಮೇಲೆ. ಮಕ್ಕಳಾಗದಂತೆ ವಾಸುದೇವ್ ಮಾಡಿಸಿಕೊಂಡ ಆಪರೇಷನ್ ದಿನ ಕ್ಲಿನಿಕ್ಕಿನ ಬೆಂಚಿನ ಮೇಲೆ ಲಾಸ್ಯಾ ಅವನ ಪಕ್ಕದಲ್ಲೇ ಕೂತಿದ್ದಳು. ಅವನ ಕಾಲು ಒಂದೇ ಸಮನೆ ಅಲುಗುತ್ತಿತ್ತು.

"ಹೆದರಿಕೆ ಆಗ್ತಿದೆಯಾ?"

"ತುಂಬಾ."

ಅವಳು ನಕ್ಕು, ತಣ್ಣಗಾಗಿದ್ದ ಅವನ ಕೈಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು.